ಮರಳಿ ಬಂದ ಬೀಜ

ಗಾಜಿನ ನಳಿಕೆಯಲ್ಲಿ ಅದ್ದಿಟ್ಟಿದ್ದ ಕಾಗದದ ಪಟ್ಟಿಯ ಮೇಲೆ ಎರಡನೆಯ ಕೆಂಪು ಗೆರೆ ಮೂಡಿತು. ಹೊಸಪೇಟೆಯ ಆ ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಸುತ್ತಿದ್ದ ಪೂಜಿತಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬೆಂಚಿನ ಮೇಲೆ ಕುಳಿತಿದ್ದ ದ್ಯಾಮಕ್ಕನ ಕಡೆ ತಿರುಗಿದಳು.

“ಅಜ್ಜಿ, ಒಂದ ಗೆರಿ ಬಂದಿದ್ರ ನಿಮ್ಮ ಬೀಜ ಚೊಕ್ಕ ಐತಿ ಅಂತಿದ್ದೆ. ಎರಡು ಬಂದಾವ. ಇದರಾಗ ಕುಲಾಂತರಿ ಹತ್ತಿ ಕೂಡೈತಿ, ಪಾಕೀಟಿನ ಬೀಜ.”

“ನಮ್ಮತ್ತಿ ಕೊಟ್ಟ ಬೀಜ ಇದು. ಪಾಕೀಟು ನಮ್ಮ ಹೊಸ್ತಿಲಾನ ತುಳಿದಿಲ್ಲ.”

“ಆ ಪಟ್ಟೀನ ಕೆಟ್ಟಿರಬೇಕ್ರಿ ಮೇಡಂ,” ಎಂದು ಪಕ್ಕದಲ್ಲಿ ನಿಂತಿದ್ದ ಕೆಂಚಣ್ಣ ಅವಸರದಿಂದ ಹೇಳಿದ. “ಬ್ಯಾರೇದ್ದು ಹಾಕಿ ನೋಡ್ರಿ.” ಅವನು ಚೋರನೂರಿನಲ್ಲಿ ದ್ಯಾಮಕ್ಕನ ನೆರೆಹೊಲದವನು; ಬೀಜದ ಗಡಿಗೆಯನ್ನು ಹೊತ್ತು ಅವಳೊಡನೆ ಬಸ್ಸಿನಲ್ಲಿ ಬಂದಿದ್ದ.

“ಮೂರು ಸಲ ಹಾಕೇನ್ರಿ ಯಜಮಾನ್ರ. ಮೂರೂ ಪಟ್ಟಿಗೆ ನಿಮ್ಮ ಮ್ಯಾಲೇನು ಸಿಟ್ಟಿಲ್ಲ.”

ಪಾಕೀಟಿನ ಬೀಜ ಊರಿಗೆ ಬರುವ ಮುಂಚಿನ ಹತ್ತಿ ಈಗ ದ್ಯಾಮಕ್ಕನ ಆ ಒಂದು ಗಡಿಗೆಯಲ್ಲಿ ಮಾತ್ರ ಉಳಿದಿತ್ತು. ಅದರ ಕಾಳನ್ನು ನೆನೆಸಿ, ರುಬ್ಬಿ, ಹಿಂಡಿದ ಹಾಲಿಗೆ ಬೆಲ್ಲ ಹಾಕಿ ಕುದಿಸಿ ಎದೆಹಾಲು ಹೆಚ್ಚಲೆಂದು ಬಾಣಂತಿಯರಿಗೆ ಕುಡಿಸುವುದು ಹಿಂದಿನಿಂದ ಬಂದ ರೂಢಿ. ಸಂಡೂರಿನ ಮಹಿಳಾ ಸಂಘವೊಂದು ಆ ಬೀಜವನ್ನು ಹತ್ತು ಹೊಲಗಳಲ್ಲಿ ಬೆಳೆಸಿ, ಹತ್ತಿಕಾಳಿನ ಹಾಲಿನ ಪುಡಿ ತಯಾರಿಸಲು ಒಪ್ಪಿತ್ತು. ಪರೀಕ್ಷೆಯಲ್ಲಿ ಶುದ್ಧವೆಂದು ಬರಬೇಕೆಂಬುದೊಂದೇ ಕರಾರು. ತನ್ನ ನಂತರವೂ ಬೀಜ ಬದುಕುತ್ತದೆಂಬ ಭರವಸೆಯನ್ನು ಹಿಡಿದುಕೊಂಡು, ಮಕ್ಕಳಿಲ್ಲದ ಆ ಮುದುಕಿ ಇಷ್ಟು ದೂರ ಬಂದಿದ್ದಳು.

“ಹಂಗಾದ್ರ ಒಂದೊಂದ ಕಾಳು ನೋಡಿ ಆರಿಸಿ ಕೊಡು, ನನ್ನವ್ವ. ಸಂಜೀತನ ಬೇಕಾದ್ರ ಕುಂದರತೀನಿ.”

“ಕಣ್ಣಿಗೆ ಎರಡೂ ಒಂದ ಥರ ಕಾಣ್ತಾವ, ಅಜ್ಜಿ. ಪರೀಕ್ಷಾ ಮಾಡಬೇಕಂದ್ರ ಕಾಳು ಜಜ್ಜಬೇಕು. ಜಜ್ಜಿದ್ದು ಮತ್ತ ಹುಟ್ಟಂಗಿಲ್ಲ.”

ದ್ಯಾಮಕ್ಕ ಗಡಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಮನೆಯ ಪದ್ಧತಿಯೊಂದಿತ್ತು. ಬಿತ್ತಲು ಒಯ್ದ ಬೀಜವನ್ನು ಸುಗ್ಗಿಯಲ್ಲಿ ಎರಡರಷ್ಟು ತಂದು, ಒಯ್ದವನೇ ತನ್ನ ಕೈಯಾರೆ ಗಡಿಗೆಗೆ ಸುರಿಯಬೇಕು. ಸುರಿಯುವಾಗ ಕೊಟ್ಟವಳು ಮುಖ ತಿರುಗಿಸಿ ನಿಲ್ಲಬೇಕು. ಮರಳಿ ಬಂದ ಬೀಜವನ್ನು ದಿಟ್ಟಿಸಿ ನೋಡುವುದೆಂದರೆ ತಂದವನನ್ನು ಅನುಮಾನಿಸಿದಂತೆ. ಕಳೆದ ಸುಗ್ಗಿಯಲ್ಲಿ ಹಾಗೆ ತಂದು ಸುರಿದವನು ಒಬ್ಬನೇ.

“ಕೆಂಚಾ,” ಎಂದಳು ಅವಳು, “ಬಸ್ಸಿನ್ಯಾಗಿಂದ ಬೆವರಾಕತ್ತೀಯಲ್ಲೋ. ಕುಂದ್ರು. ಹೇಳು.”

ಅವನು ಬೆಂಚನ್ನು ಬಿಟ್ಟು ನೆಲದ ಮೇಲೆ ಕುಕ್ಕರಿಸಿದ. “ಬಿತ್ತಾಕಂತನ ಒಯ್ದಿದ್ದೆ ಅಕ್ಕ. ಆ ವಾರನ ಮಗಳು ಹಡೆದ್ಲು. ಎದ್ಯಾಗ ಹಾಲಿಲ್ಲ. ಕೂಸು ಒಂದ ಸವನ ಅಳೋದು. ಬಿತ್ತೋ ಬೀಜಾನ ತಿನ್ನಾಕ ಕೊಡು ಅಂತ ನಿನ್ನ ಕೇಳಾಕ ನನಗ ಬಾಯಿ ಬರಲಿಲ್ಲ. ಅಷ್ಟೂ ರುಬ್ಬಿ ಕುಡಿಸಿಬಿಟ್ಟೆ. ಸುಗ್ಗೀಗೆ ಬರಿಗೈಲೆ ನಿನ್ನ ಮನೀಗೆ ಹೆಂಗ ಬರ್ಲಿ? ನನ್ನ ಹೊಲದಾಗಿನ ಪಾಕೀಟಿನ ಹತ್ತೀದನ ಬೀಜ ಬಿಡಿಸಿ ತಂದೆ.”

ಪೂಜಿತಾ ವರದಿಯ ಹಾಳೆಯತ್ತ ತಲೆ ತಗ್ಗಿಸಿದಳು. ಬರೆಯಬೇಕಾದದ್ದು ಇನ್ನು ಒಂದೇ ಸಾಲು, ಆದರೂ ಬರೆಯಲಿಲ್ಲ.

ಕೆಂಚಣ್ಣನ ಮಗಳ ಆ ಕೂಸು ಹನ್ನೆರಡನೆಯ ದಿನ ತೀರಿಕೊಂಡದ್ದು ಚೋರನೂರಿಗೆಲ್ಲ ತಿಳಿದ ಸಂಗತಿ. ಮಣ್ಣಿಗೆ ಹೋದವರಲ್ಲಿ ದ್ಯಾಮಕ್ಕನೂ ಇದ್ದಳು. ಬೈಗುಳವೊಂದು ಅವಳ ನಾಲಗೆಯ ತನಕ ಬಂದು ಅಲ್ಲಿಯೇ ಕರಗಿತು. ಗಡಿಗೆಯ ಮೇಲಿಂದ ಕೈ ತೆಗೆದು ಅವಳು ಕೇಳಿದಳು:

“ಹಾಲು ಬಂತೇನೋ?”

“ಬಂತಕ್ಕ. ಭಾಳ ಬಂತು,” ಎಂದ ಕೆಂಚಣ್ಣ. “ಕೂಸಿನ್ನ ಮಣ್ಣು ಮಾಡಿ ಬಂದ ಮ್ಯಾಲೂ ಎಂಟು ದಿನ ಸೋರೋದು ನಿಲ್ಲಲಿಲ್ಲ.”