ನಂಜಿಯ ದೀಪದ ಗೂಡು

2024ರ ಅಕ್ಟೋಬರ್ 2, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಮದ್ದೂರು ತಾಲ್ಲೂಕಿನ ಕೊಪ್ಪದ ದೇವಿರಮ್ಮನ ಮನೆಯ ಹಜಾರದಲ್ಲಿ ಪಿತೃಪಕ್ಷದ ಎಡೆಗೆ ಆರು ಬಾಳೆಎಲೆ ಹಾಸಿತ್ತು. ಏಳನೆಯ ಎಲೆ ದೇವಿರಮ್ಮನ ಕೈಯಲ್ಲೇ ಇತ್ತು.

“ಆಕಕ್ಕಾಗಕಿಲ್ಲ ಕಣವ್ವ,” ಎಂದಳು ಎದುರಿಗೆ ನಿಂತಿದ್ದ ಎತ್ತರದ ಹೆಂಗಸಿಗೆ. “ಗಾಂಧಿ ಜಯಂತಿ ಅಂತ ಇವತ್ತು ಬಾಡಿನಂಗಡಿ ಮುಚ್ಚವ್ರೆ. ನೆನ್ನೇನೇ ತಂದು ಫ್ರಿಜ್ಜಲ್ಲಿ ಮಡಗಿ ಬೇಯ್ಸಿವ್ನಿ. ಬೇಕಾದಷ್ಟು ಉಣ್ಣು. ಎಡೆ ಮಾತ್ರ ಕೇಳಬ್ಯಾಡ.”

ಸೊಸೆ ಕವಿತ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವಳು ಮದ್ದೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಬಂದಿದ್ದ ಸರೋಜಿನಿ ನಂಜಪ್ಪ ದಕ್ಷಿಣ ಆಫ್ರಿಕದ ಡರ್ಬನ್ನಿನವಳು, ನಿವೃತ್ತ ನರ್ಸು, ಅರವತ್ತೊಂಬತ್ತು ವರ್ಷ. ಅವಳ ಮುತ್ತಜ್ಜಿ ನಂಜಿ 1904ರಲ್ಲಿ ಮದರಾಸಿನಿಂದ ಹಡಗು ಹತ್ತಿ ಅಲ್ಲಿನ ಕಬ್ಬಿನ ತೋಟಕ್ಕೆ ಕೂಲಿಗೆ ಹೋದವಳು. ಹಡಗಿನ ದಾಖಲೆಯಲ್ಲಿ ಊರು ‘ಕೊಪ್ಪ, ಮೈಸೂರು’ ಎಂದಷ್ಟೇ ಇತ್ತು. ಸರೋಜಿನಿ ಹನ್ನೊಂದು ವರ್ಷ ಕಡತ ಹುಡುಕಿದ್ದಳು, ಎರಡು ಕೊಪ್ಪಗಳನ್ನು ನೋಡಿ ಬಂದಿದ್ದಳು. ಇದು ಮೂರನೆಯದು. ಮುತ್ತಜ್ಜಿಗೆ ಹುಟ್ಟಿದ ಮನೆಯಲ್ಲಿ ಒಂದು ಎಲೆ ಹಾಕಿಸಬೇಕು, ಅಷ್ಟೇ ಅವಳ ಆಸೆ.

ಅದೇ ಸುಮಾರಿಗೆ ಈ ಮನೆಯಿಂದಲೂ ಒಬ್ಬ ನಂಜಿ ಹೋಗಿದ್ದಳು. ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದವಳು, ಒಂದು ದಿನ ಮದ್ದೂರಿನ ಸಂತೆಗೆಂದು ಹೊರಟು ತಿರುಗಿ ಬರಲಿಲ್ಲ. ಸತ್ತ ಸುದ್ದಿ ಬಾರದವರಿಗೆ ಈ ಮನೆಯಲ್ಲಿ ಎಡೆ ಇಡುವುದಿಲ್ಲ, ದೀಪ ಹಚ್ಚುತ್ತಾರೆ. ಹಜಾರದ ಹಳೇ ಮಣ್ಣುಗೋಡೆಯ ಗೂಡಿನಲ್ಲಿ ಅಂದಿನಿಂದಲೂ ಮುಸ್ಸಂಜೆಗೆ ಅವಳ ದೀಪ. ಐವತ್ತೆಂಟು ವರ್ಷದಿಂದ ಅದು ದೇವಿರಮ್ಮನ ಪಾಲಿನ ಕೆಲಸ. ಗೂಡು ಎತ್ತರ, ಅವಳು ಗಿಡ್ಡ. ದಿನವೂ ಸ್ಟೂಲು ಹತ್ತಬೇಕು.

“ಎಡೆ ಮಡಗುದ್ರೆ ದೀಪ ನಿಲ್ಲುಸ್ಬೇಕು. ಇವ್ರ ನಂಜಿ ಬ್ಯಾರೆ, ನಮ್ ನಂಜಿ ಬ್ಯಾರೆ ಆಗಿದ್ರೆ? ಇರೋಳ ನಾನೇ ಸಾಯ್ಸ್ದಂಗಾಯ್ತದೆ.”

“ಇದ್ದಿದ್ರೆ ಈಗ ನೂರನಲವತ್ತು ದಾಟಿರೋದು ಅತ್ತೆ.”

“ನಿನ್ ಲೆಕ್ಕ ಕಾಲೇಜಲ್ಲಿ ಮಡಿಕೊ.”

ಸರೋಜಿನಿ ಆ ಮಾತಿನ ಅರ್ಥ ಕೇಳಲಿಲ್ಲ. ಗೂಡಿನ ಮುಂದೆ ಹೋಗಿ ನಿಂತಿದ್ದಳು. “ಇದನ್ನು ಯಾಕೆ ಇಷ್ಟು ಮೇಲೆ ಮಾಡಿದ್ದಾರೆ?” ಎಂದಳು.

“ನಂಜಿ ಉದ್ದಕ್ಕಿದ್ಲಂತೆ,” ಎಂದಳು ದೇವಿರಮ್ಮ. “ಎಣ್ಣೆ ಎಷ್ಟದೆ ಅಂತ ಕಾಣಬೇಕಲ್ಲ, ಅದ್ಕೆ ಅವ್ರಪ್ಪ ಗೋಡೆ ಎತ್ತುವಾಗ ಮಗಳ ನಿಲ್ಸಿ, ಕಣ್ಣಿನ ನೇರಕ್ಕೆ ಬೊಟ್ಟು ಮಡಗಿ ಗೂಡು ಬುಡ್ಸಿದ್ನಂತೆ. ನಮ್ಮತ್ತೆ ಯೋಳೋರು.”

ಕವಿತ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಗೂಡನ್ನೊಮ್ಮೆ ನೋಡಿದಳು. ಆಮೇಲೆ ಸರೋಜಿನಿಯ ಕಡೆ ತಿರುಗಿದಳು. “ನಿಮ್ಮ ದಾಖಲೆಯಲ್ಲಿ ಎತ್ತರ ಬರೆದಿದೆಯಾ?”

“ಇದೆ. ಹಡಗು ಹತ್ತಿಸುವ ಮೊದಲು ಎಲ್ಲರನ್ನೂ ಅಳೆಯುತ್ತಿದ್ದರು.”

“ಹೇಳಬೇಡಿ. ಕಾಗದ ಮಡಚಿ ಹಿಡಿದುಕೊಳ್ಳಿ. ಮೊದಲು ನಾನು ಅಳೆಯುತ್ತೇನೆ.”

ಟೇಪು ತಂದಳು. ನೆಲದಿಂದ ಬತ್ತಿಯ ತುದಿಗೆ ನಾಲ್ಕು ಅಡಿ ಹನ್ನೊಂದು ಇಂಚು. ಆದರೆ ನೆಲ ಹಳೆಯದಲ್ಲ, ಟೈಲ್ಸ್ ಹಾಕಿಸಿದ್ದು. ಪಕ್ಕದ ಕೋಣೆಯಲ್ಲಿ ಇನ್ನೂ ಮಣ್ಣಿನ ನೆಲವಿತ್ತು. ಹಜಾರ ಅದಕ್ಕಿಂತ ಮೂರು ಇಂಚು ಮೇಲೆ. ಅದನ್ನು ಕೂಡಿಸಿದಳು. ಕಣ್ಣಿನಿಂದ ನೆತ್ತಿಗೆ ಎಷ್ಟೆಂದು ತನಗೂ ಸರೋಜಿನಿಗೂ ಅಳೆದಳು, ಇಬ್ಬರಿಗೂ ಹತ್ತಿರಹತ್ತಿರ ನಾಲ್ಕು ಇಂಚು. ಅದನ್ನೂ ಕೂಡಿಸಿದಳು. ಅನುಮಾನ ಬಂದು ಮೂರನ್ನೂ ಮತ್ತೊಮ್ಮೆ ಅಳೆದಳು. ದೇವಿರಮ್ಮ ಎಲೆ ಹಿಡಿದುಕೊಂಡೇ ನಿಂತಿದ್ದಳು.

“ಐದು ಅಡಿ ಆರು ಇಂಚು,” ಎಂದಳು ಕವಿತ. “ಈಗ ಓದಿ.”

ಸರೋಜಿನಿ ಮಡಿಕೆ ಬಿಚ್ಚಿದಳು. ಸಾವಿರ ಸಲ ಓದಿದ ಕಾಗದ, ಆದರೂ ಕನ್ನಡಕ ಹಾಕಿಕೊಂಡು ಓದಿದಳು. “ಐದು ಅಡಿ ಆರೂವರೆ.”

“ಅರ್ಧ ಇಂಚು ಯಾವ್ದು ಮತ್ತೆ?” ದೇವಿರಮ್ಮ ಕೇಳಿದಳು.

ಕವಿತ ಟೇಪು ಮತ್ತೆ ಬಿಚ್ಚುವಷ್ಟರಲ್ಲಿ ದೇವಿರಮ್ಮ ತಾನೇ ಹೇಳಿದಳು. “ತುರುಬು ಕಣ್ ಬುಡು.”

“ಅತ್ತೆ, ಇದು ರುಜುವಾತು ಅಲ್ಲ, ಹೊಂದಿಕೆ ಅಷ್ಟೆ. ಅಷ್ಟು ಉದ್ದದ ನಂಜಿ ಬೇರೆ ಕೊಪ್ಪದಲ್ಲೂ ಇದ್ದಿರಬೌದು.”

“ಇದ್ರೆ ಇರ್ಲಿ. ಅವಳಿಗೆ ಅವ್ರಪ್ಪ ಗೂಡು ಬುಡ್ಸಿದ್ನಾ?”

ದೇವಿರಮ್ಮ ಏಳನೆಯ ಎಲೆ ಹಾಸಿ ನೀರು ಚಿಮುಕಿಸಿದಳು. ಪೆಟ್ಟಿಗೆಯಿಂದ ತನ್ನ ಹೊಸ ಸೀರೆ ತಂದಿಟ್ಟು, “ಗಿಡ್ಡ ಆಯ್ತದೇನೋ, ಒಸಿ ಸರಿಮಾಡ್ಕೊಳವ್ವ,” ಎಂದು ಎಲೆಗೇ ಹೇಳಿದಳು. ಬಾಡು, ಕಜ್ಜಾಯ, ವಡೆ ಬಡಿಸಿದಳು. ನಂತರ ಸ್ಟೂಲಿನ ಕಡೆ ನಡೆದವಳು ನಿಂತು ಸರೋಜಿನಿಯನ್ನು ನೋಡಿ, ಗೂಡಿನ ಕಡೆ ಕೈ ತೋರಿದಳು. ಸರೋಜಿನಿ ಹತ್ತುವುದೇನೂ ಬೇಕಾಗಲಿಲ್ಲ. ಹಣತೆ ಅವಳ ಕಣ್ಣಿನ ನೇರಕ್ಕಿತ್ತು. ಎರಡೂ ಕೈಯಲ್ಲಿ ಇಳಿಸಿ ತಂದು ಎಲೆಯ ಮುಂದೆ ಇಟ್ಟಳು.

ಉಳಿದಿಬ್ಬರೂ ಎಡೆಗೆ ಅಡ್ಡಬಿದ್ದಾಗ ಕವಿತ ಟೇಪು ಹಿಡಿದು ಬರಿದಾದ ಗೂಡಿನ ಮುಂದೆಯೇ ಇದ್ದಳು. ಈ ಮನೆಗೆ ಎಷ್ಟು ಸಲ ಸುಣ್ಣ ಬಳಿದರೂ ಗೂಡಿನ ಒಳಗನ್ನು ಯಾರೂ ಮುಟ್ಟಿರಲಿಲ್ಲ. ಬೆರಳು ತಾಗಿ ಅದರ ನೆತ್ತಿಯಿಂದ ನೂರು ವರ್ಷಕ್ಕೂ ಮಿಕ್ಕಿದ ಮಸಿಯ ಒಂದು ಹಕ್ಕಳೆ ಕಳಚಿ ಅಂಗೈಗೆ ಬಿತ್ತು. ಅವಳು ಅದನ್ನು ಟೇಪಿನ ಅಂಚಿಗೆ ಹಿಡಿದು ನೋಡಿದಳು.

ದಪ್ಪ ನಾಲ್ಕು ಮಿಲಿಮೀಟರ್.