ಏರುತ್ತಲೇ ಹೋದ ಎಸ್ಟಿಮೇಟು

ಇಪ್ಪತ್ತು ವರ್ಷದಿಂದ ಮನೆ ರಿಪೇರಿ ಮಾಡಿಸುತ್ತಿದ್ದ ಕಂಟ್ರಾಕ್ಟರ್ ಮಾದಪ್ಪ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಉಳಿದವರು ಎಸ್ಟಿಮೇಟು ನೋಡಿ ಎದೆ ಹಿಡಿದುಕೊಂಡರೆ, ಕನಕಮ್ಮ ಅದನ್ನು ಏರಿಸುತ್ತಲೇ ಇದ್ದರು.

"ಸಿಂಕ್ ಒಂದು ಬದಲಾಯಿಸಿದ್ರೆ ಸಾಕಮ್ಮ," ಎಂದು ಅವನು ಬಾಯಿತಪ್ಪಿ ನಿಜ ಹೇಳಿಬಿಟ್ಟ.

"ಅಡುಗೆಮನೆ ಪೂರ್ತಿ ಒಡೀಬೇಕು ಅಂತ ಬರೀರಿ. ನಿಮಗಿಂತ ಮುಂಚೆ ಬಂದಿದ್ದ ಇಬ್ರೂ ಹಂಗೇ ಬರ್ಕೊಟ್ಟಿದ್ದಾರೆ."

ಬರೆದ. ಬಚ್ಚಲಿನ ಟೈಲ್ಸು, ಸೋರುವ ತಾರಸಿ, ಗೆದ್ದಲು ಹಿಡಿದ ಬಾಗಿಲು, ಎಲ್ಲವನ್ನೂ ಸೇರಿಸಿದ. ಮೂರೂವರೆ ಲಕ್ಷವಾಯಿತು. ಕನಕಮ್ಮನ ಮುಖ ಅರಳಿತು. ಎರಡನೇ ಸಲ ಕಾಫಿ ಬಂತು.

"ಸೀಲು ಒತ್ತಿ, ಸೈನ್ ಹಾಕಿ," ಎಂದರು. ಒತ್ತಿ, ಹಾಕಿದ.

"ಕೆಲಸ ಯಾವತ್ತು ಶುರು ಮಾಡೋಣಮ್ಮ?"

"ನಂಗೇನು ಗೊತ್ತು? ಸಂಜೆ ಬಾಡಿಗೆ ಏರಿಸೋಕೆ ಓನರ್ ಬರ್ತಾರಲ್ಲ, ಅವರನ್ನೇ ಕೇಳಿ."