ಹನ್ನೆರಡನೆಯ ಎಲೆ

ಸುಧಾರಣೆ ಸುಧಾರಣೆ ಎಂದು ಊರೂರ ವೇದಿಕೆ ಹತ್ತಿ ಗುಡುಗುತ್ತಿದ್ದ ಮಠದ ಅಪ್ಪನವರಿಗೆ ಕಡೆಗೊಮ್ಮೆ ತಮ್ಮ ಮಠವೂ ನೆನಪಾಯಿತು. ಅಲ್ಲಿ ಅವರ ಪೂಜೆ ಮುಗಿಯುವ ತನಕ ಯಾರೂ ತುತ್ತು ಎತ್ತುವಂತಿರಲಿಲ್ಲ. ಪೂಜೆ ಶುರುವಾಗಲು ಅವರು ಮೊದಲು ಏಳಬೇಕಿತ್ತು. ಮೂವತ್ತು ವರ್ಷದಿಂದ ಮಧ್ಯಾಹ್ನದವರೆಗೆ ಹೊಟ್ಟೆ ಹಿಡಿದು ಕೂತ ಹಿರಿಯ ಸನ್ಯಾಸಿ ಅಡಿವೆಯ್ಯನವರಿಗೆ ಈ ಸಲ ಆಸೆ ಚಿಗುರಿತು.

ಮಠದ ಎಲ್ಲ ಸನ್ಯಾಸಿಗಳ ಕೈಗೂ ಒಂದು ಬಿಲ್ವದ ಎಲೆ, ಒಂದು ಕಣಗಿಲೆ ಹೂವು ಬಂದವು.

“ಇನ್ನ ಮ್ಯಾಲೆ ಊಟ, ಪೂಜಿ, ಆಡಳಿತ ಎಲ್ಲಾ ಸಮಿತಿ ಕೈಯಾಗ,” ಎಂದರು ಅಪ್ಪನವರು. “ಒಪ್ಪಿದವ್ರು ಗಡಿಗ್ಯಾಗ ಎಲಿ ಹಾಕ್ರಿ, ಒಪ್ಪದವ್ರು ಹೂವು. ಉಳಿದದ್ದು ಮುಷ್ಟಿಯೊಳಗ ಇರ್ಲಿ. ನಾನೂ ನಿಮ್ಮೊಳಗೊಬ್ಬ. ಹನ್ನೆರಡೂ ಮಂದಿ ಒಪ್ಪಿದ್ರಷ್ಟ ಜಾರಿ.”

ಗಡಿಗೆ ಬೋರಲು ಹಾಕಿದಾಗ ಬಿದ್ದದ್ದು ಹನ್ನೊಂದು ಎಲೆ, ಒಂದು ಹೂವು.

ಅಡಿವೆಯ್ಯನವರ ಕಣ್ಣು ಕೆಂಪಾಯಿತು. “ಯಾರ್ರೀ ಅದು? ಎಲ್ಲಾರೂ ಮುಷ್ಟಿ ಬಿಚ್ರಿ!”

“ಛೆ ಛೆ, ಗುಪ್ತ ಮತದಾನ ಅದು, ಅಡಿವೆಯ್ಯನವರ,” ಅಪ್ಪನವರು ನಿಟ್ಟುಸಿರಿಟ್ಟರು. “ಒಬ್ಬರ ಮನಸ್ಸು ನೋಯಿಸಿ ಸುಧಾರಣಿ ಮಾಡೂದು ನಮಗ ಶೋಭಿಸೂದಿಲ್ಲ. ಇರ್ಲಿ, ಭಾರ ನಾನ ಹೊರ್ತೀನಿ.”

ಹನ್ನೊಂದು ತಲೆಗಳು ಅಭ್ಯಾಸಬಲದಿಂದ ಬಾಗಿದವು. ಅಪ್ಪನವರೂ ಅಭ್ಯಾಸಬಲದಿಂದಲೇ ಬಲಗೈ ಎತ್ತಿ ಆಶೀರ್ವದಿಸಿದರು. ಅಡಿವೆಯ್ಯನವರ ಬೋಳುತಲೆಯ ಮೇಲೆ ಬಿಲ್ವದ ಎಲೆಯೊಂದು ಬಿತ್ತು.